ಮೂತಿ ಸವಣೂರಿನದು

ಮುಂಬಯಿ
೧೨ ಜೂನ್ ೧೯೭೭

ಸವಣೂರಿನ ಫಕ್ರುಸಾಬಣ್ಣನಿಗೆ ಪರಮೇಶಪ್ಪ ಮಾಡುವ ನಮಸ್ಕಾರ.

ಗಾಡಿ ಮುಟ್ಟಿತು, ಗಾಡಿಯ ಜೊತೆಗೆ ನಾನೂ ಮುಟ್ಟಿದೆ. ಶಿಗ್ಗಾವಿಯಿಂದ ಇಲ್ಲಿಯವರೆಗೆ ಎರಡು ದಿನ ಲಾರಿಯ ಹಿಂದೆ ಅದರ ಮಗ್ಗುಲಲ್ಲೇ ಕುಳಿತು ಬಂದೆ. ದಾರಿಯುದ್ದಕ್ಕೂ ಜನ ಕೇಳಿದ್ದೇ ಕೇಳಿದ್ದು. ಕೊಲ್ಲಾಪುರದಲ್ಲಿ ಚಹಾದಂಗಡಿಯವನೊಬ್ಬ ಚಾವಣಿಯ ಮೇಲಿನ ಎರಡು ಉಬ್ಬು ನೋಡಿ, ಇದೇನು ಒಂಟೆಯೋ ಮೋಟಾರೋ ಎಂದ.

ನಮ್ಮ ಗುದ್ಲೆಪ್ಪ ಧಣಿಯರು ತೀರಿಕೊಂಡ ಮೇಲೆ ಅವರ ಅಳಿಯ ಇದನ್ನು ಹತ್ತಿ ಜಿನ್ನಿನ ಹಳೆಯ ಸಾಮಾನಿನ ಜೊತೆ ಮಾರಲು ಹೊರಟದ್ದು ನಿನಗೆ ಗೊತ್ತೇ ಇದೆ. ಕೊಂಡವರು ಇಲ್ಲಿಯ ಪಾರಸಿ ಸಾಹೇಬರು. ಹಳೆಯ ಮೋಟಾರುಗಳ ಹುಚ್ಚು ಅವರಿಗೆ. ಬಂಗಲೆಯ ಹಿಂದೆ ಹನ್ನೊಂದು ನಿಂತಿವೆ. ಆದರೆ ಇದರ ಹತ್ತಿರ ಬರುವಾಗ ಮಾತ್ರ ಚಪ್ಪಲಿ ಕಳಚಿ ಬಂದರು. ಹತ್ತು ವರ್ಷ ಇದನ್ನು ಓಡಿಸಿದವನು ನಾನು, ಆದರೂ ಇದು ಏನೆಂದು ಪೂರ್ತಿ ತಿಳಿದದ್ದು ಅವರ ಬಾಯಿಂದ. ಎಂಜಿನ್ ಮತ್ತು ಚೌಕಟ್ಟು ಇಂಗ್ಲೆಂಡಿನ ಕಂಪನಿಯದು. ಆರು ಸಿಲಿಂಡರಿಗೆ ಹನ್ನೆರಡು ಪ್ಲಗ್ಗು. ಮೈ ಮಾತ್ರ ಇಟಲಿಯದು. ಅಲ್ಲಿಯ ಕಸಬುದಾರರು ಅಲ್ಯುಮಿನಿಯಂ ತಗಡನ್ನು ಕೈಯಿಂದಲೇ ಬಡಿದು ಹೊದಿಸಿದ್ದಾರೆ. ಇಂಥವು ಲೋಕದಲ್ಲಿ ಇಪ್ಪತ್ತೂ ಇಲ್ಲವಂತೆ, ಒಂದರ ಮೂತಿಯಂತೆ ಇನ್ನೊಂದರದಿಲ್ಲವಂತೆ.

ಮೂತಿ ಎಂದಾಗ ಎಪ್ಪತ್ಮೂರರ ಬೇಸಿಗೆ ಕಣ್ಣಿಗೆ ಕಟ್ಟಿತು. ಧಣಿಯರು ಕಾಶಿಗೆ ಹೋಗಿದ್ದರು. ಕೇಳುವವರಿಲ್ಲ ಎಂದು ಗಾಡಿಯನ್ನು ಹತ್ತಿಮತ್ತೂರು ಹಾದಿಯಲ್ಲಿ ಹಾರಿಸಿದೆ. ಎಮ್ಮೆ ಅಡ್ಡ ಬಂತು. ಎಮ್ಮೆ ಉಳಿಯಿತು, ಗಾಡಿಯ ಮೂತಿ ಮೈಲುಗಲ್ಲಿಗೆ ಬಡಿದು ಹಪ್ಪಳವಾಯಿತು. ಎತ್ತು ಹೂಡಿ ನಿನ್ನ ಅಂಗಳಕ್ಕೆ ಎಳೆಸಿಕೊಂಡು ಬಂದು, ನಿನ್ನ ಕಾಲ ಬಳಿ ಕೂತು ಹೆಂಗಸರ ಹಾಗೆ ಅತ್ತೆ. ನೀನು ತಾಮ್ರ ಬಡಿಯುವುದನ್ನು ನಿಲ್ಲಿಸಿ ಗಾಡಿಗೆ ಒಂದು ಸುತ್ತು ಹಾಕಿದೆ. "ಅಳಬ್ಯಾಡೋ ಖೋಡಿ. ಇದೂ ಒಂದ ಕೊಪ್ಪರಗಿನ. ಬಾಯಿ ಮುಂದ ಐತಿ, ಅಷ್ಟ" ಎಂದೆ. ಮೂವತ್ತೆಂಟು ದಿನದಲ್ಲಿ ಹೊಸ ಮೂತಿ ಎಬ್ಬಿಸಿ ಕೂರಿಸಿದೆ. ಕಾಶಿಯಿಂದ ಬಂದ ಧಣಿಯರಿಗೆ ಸಂಶಯವೇ ಬರಲಿಲ್ಲ. "ಭಾಳ ಚಂದ ಇಟ್ಟೀಯಲ್ಲೋ ಪರಮೇಶಿ" ಎಂದು ನನಗೆ ರುಮಾಲು ಸುತ್ತಿದರು. ಅದು ನಿನ್ನ ತಲೆಗೆ ಬರಬೇಕಾದ ರುಮಾಲು.

ಗಾಡಿಗೆ ಎಂದೂ ಪೆಟ್ಟು ಬಿದ್ದಿಲ್ಲ, ಮೈಯೆಲ್ಲ ಇಟಲಿಯಿಂದ ಬಂದದ್ದೇ ಎಂದು ಒಂದು ಕಾಗದ ಟೈಪು ಮಾಡಿಸಿ ಸಾಹೇಬರು ನನ್ನ ಸಹಿ ಕೇಳಿದರು. ಮಾಡಿದೆ. ಅದರ ಮೇಲೆಯೇ ನನ್ನನ್ನು ನೌಕರಿಗೆ ಇಟ್ಟುಕೊಂಡಿದ್ದಾರೆ, ಇರಲು ಎರಡು ಕೋಲಿಯನ್ನೂ ಕೊಟ್ಟಿದ್ದಾರೆ. ಮಂಜವ್ವನನ್ನೂ ಮಗಳು ಗುತ್ತೆವ್ವನನ್ನೂ ದುಂಡಸಿಯಿಂದ ದಸರೆಯೊಳಗೆ ಕರೆಸಿಕೊಳ್ಳುತ್ತೇನೆ. ನಿನ್ನ ಋಣ ಈ ಜನ್ಮದಲ್ಲಿ ತೀರುವುದಲ್ಲ ಅಣ್ಣಾ. ಯಾವಾಗ ಏನು ಬೇಕಾದರೂ ಒಂದು ಕಾರ್ಡು ಹಾಕು.

ನಿನ್ನ ತಮ್ಮ
ಪರಮೇಶಪ್ಪ


ಸವಣೂರು
೩ ಜುಲೈ ೧೯೭೭

ತಮ್ಮ ಪರಮೇಶಿಗೆ ಫಕ್ರುಸಾಬನ ಸಲಾಮು, ನಿನ್ನ ಅತ್ತಿಗೆ ದಾವಲಬಿಯ ದುವಾ.

ಇಪ್ಪತ್ತೂ ಇಲ್ಲ ಎಂದು ನಿನ್ನ ಸಾಹೇಬ ಚಪ್ಪಲಿ ಬಿಟ್ಟನೇ? ನಾನು ಬಡಿದ ಕೊಪ್ಪರಿಗೆಗಳಲ್ಲಿಯೂ ಒಂದರಂತೆ ಇನ್ನೊಂದಿಲ್ಲ, ನಮ್ಮ ಅಂಗಡಿಗೆ ಜನ ಎಮ್ಮೆ ಕಟ್ಟಿದ ಸಗಣಿಗಾಲಿನಲ್ಲೇ ಬರುತ್ತಾರೆ. ಇಂಗ್ಲೆಂಡಿನ ಎಂಜಿನ್, ಇಟಲಿಯ ಮೈ, ನಮ್ಮ ಕಡೆ ಆ ಅಲ್ಯುಮಿನಿಯಂ ತಗಡಿಗೆ ಜರ್ಮನ್ ಅನ್ನುತ್ತಾರೆ, ಮೂತಿ ಸವಣೂರಿನದು. ಪಾಸ್‌ಪೋರ್ಟು ಕೊಡುವವನು ಯಾವ ಊರು ಎಂದು ಬರೆಯುತ್ತಾನೋ ನೋಡಬೇಕು.

ರುಮಾಲಿನ ಮಾತು ಬಿಡು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಿನ್ನ ದೊಣ್ಣೆಯ ನಿಮಿಷದಿಂದ ನನಗೆ ಮೂವತ್ತೆಂಟು ದಿನ ಸಿಕ್ಕಿತು. ಇಟಲಿಯವರು ಆ ಮೂತಿಯನ್ನು ಮೂರು ತುಂಡು ಮಾಡಿ ಬೆಸೆದಿದ್ದರು. ಆ ತಗಡಿಗೆ ಬೆಸುಗೆ ಹಾಕುವುದು ನನಗೆ ಬರುತ್ತಿರಲಿಲ್ಲ. ಕೊಪ್ಪರಿಗೆಗೆ ಬೆಸುಗೆ ಎಲ್ಲಿದೆ, ಇದಕ್ಕೇಕೆ ಬೇಕು ಎಂದು ಒಂದೇ ಹಾಳೆಯನ್ನು ಮರಳು ತುಂಬಿದ ತೊಗಲು ಚೀಲದ ಮೇಲಿಟ್ಟು ಇಳಿಸುತ್ತ ಹೋದೆ. ನನ್ನ ಕೈಗೆ ಎಷ್ಟು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ ನೋಡು. ಅದು ಗೊತ್ತಾದದ್ದು ನಿನ್ನಿಂದ.

ಇಲ್ಲಿಯ ಸುದ್ದಿ ಚೆನ್ನಾಗಿಲ್ಲ. ಹೋದ ವಾರ ಹಿರೇಕೆರೂರಿನ ಸಂತೆಗೆ ಎಂಟು ಪಾತ್ರೆ ಒಯ್ದೆ, ಎಂಟನ್ನೂ ತಿರುಗಿ ತಂದೆ. ರಟ್ಟೀಹಳ್ಳಿಯ ಹೆಣ್ಣುಮಗಳೊಬ್ಬಳು ಒಂದನ್ನು ಎತ್ತಿ ನೋಡಿ ಇಟ್ಟು, "ಸ್ಟೀಲಿಂದಾದ್ರ ಕಲಾಯಿ ಕಾಟ ಇಲ್ಲ ನೋಡ್ರಿ ಸಾಬರ" ಎಂದಳು. ಆಕೆಯ ಮಾತಿನಲ್ಲಿ ಸುಳ್ಳೇನಿಲ್ಲ. ನನಗೆ ಒಂದೇ ಹೆದರಿಕೆ. ಹಸಿವಿಗೆ ನಾನು ಹೆದರಿದವನಲ್ಲ. ಸುತ್ತಿಗೆ ಕೆಳಗಿಟ್ಟು ಕೂರುವ ದಿನ ಬಂದರೆ ಬದುಕಿ ಏನು ಮಾಡಲಿ ಎನ್ನುವುದೇ ಹೆದರಿಕೆ.

ಮೂತಿಯನ್ನು ಹಸಿ ಬಟ್ಟೆಯಿಂದ ಒರೆಸು, ಒಣಗಿದ್ದರಿಂದ ತಿಕ್ಕಬೇಡ. ಮಂಜವ್ವನಿಗೆ ವೀಳ್ಯದೆಲೆ ಕಟ್ಟಿ ಕಳಿಸುತ್ತೇನೆ.

ಫಕ್ರುಸಾಬ


ಮುಂಬಯಿ
೧೮ ಡಿಸೆಂಬರ್ ೧೯೭೮

ಫಕ್ರುಸಾಬಣ್ಣನಿಗೆ ನಮಸ್ಕಾರ.

ವರ್ಷದ ಮೇಲಾಯಿತು ಬರೆಯದೆ. ಬೈಯಬೇಡ. ಇವತ್ತು ಬರೆಯದಿದ್ದರೆ ಹೊಟ್ಟೆ ಒಡೆಯುತ್ತದೆ.

ನಿನ್ನೆ ಇಂಗ್ಲೆಂಡಿನಿಂದ ಒಬ್ಬ ತಜ್ಞ ಬಂದಿದ್ದ. ಇಂಥ ಗಾಡಿಗಳ ಮೇಲೆ ಪುಸ್ತಕ ಬರೆಯುವವನು. ಅಂಗಿ ಕಳಚಿ, ಚಾಪೆ ಹಾಸಿಕೊಂಡು, ಬ್ಯಾಟರಿ ಹಿಡಿದು ಮೂತಿಯ ಕೆಳಗೆ ಮಲಗಿದವನು ಒಂದು ತಾಸು ಏಳಲಿಲ್ಲ. ಎದ್ದು ಬಂದು ಸಾಹೇಬರ ಕೈ ಹಿಡಿದು ಕುಲುಕಿದ. ಬೇರೆ ಎಲ್ಲ ಗಾಡಿಗಳ ಮೂತಿಗೆ ಬೆಸುಗೆ ಇದೆ, ಇದೊಂದಕ್ಕೇ ಇಲ್ಲ. ಇಟಲಿಯ ಯಾವನೋ ಹಳೆಯ ಉಸ್ತಾದ ತನ್ನ ಖುಷಿಗೆ ಒಂದೇ ಹಾಳೆಯಲ್ಲಿ ಬಡಿದಿದ್ದಾನೆ, ಇಡೀ ಗಾಡಿಯಲ್ಲಿ ಇದೇ ಎಲ್ಲಕ್ಕಿಂತ ಶ್ರೇಷ್ಠವಾದ ಕೆಲಸ ಎಂದ. ನನಗೆ ನಗು ತಡೆಯಲಿಲ್ಲ. ಕೆಮ್ಮಿದ ಹಾಗೆ ಮಾಡಿ ಹೊರಗೆ ಓಡಿದೆ. ಆ ಉಸ್ತಾದ ಸವಣೂರಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾನೆ ಎಂದು ಯಾರಿಗೆ ಹೇಳಲಿ?

ಸಾಹೇಬರು ನಿನ್ನೆಯಿಂದ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, 'ಮಿಸ್ತ್ರಿ' ಅನ್ನುತ್ತಾರೆ. ಗುತ್ತೆವ್ವ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದಾಳೆ. ಎಲ್ಲ ನಿನ್ನ ಕೈಯ ಪುಣ್ಯ.

ನಿನ್ನ ಪರಮೇಶಿ


ಸವಣೂರು
೯ ಜನವರಿ ೧೯೭೯

ಪರಮೇಶೀ,

ನಿನ್ನ ಪತ್ರವನ್ನು ದಾವಲಬಿಗೆ ಮೂರು ಸಲ ಓದಿ ಹೇಳಿದೆ. ಮೂರನೆಯ ಸಲ ಆಕೆ, "ಸಾಕ್ ಬಿಡ್ರಿ, ಉಸ್ತಾದರಿಗೆ ರೊಟ್ಟಿ ಬಡಿಬೇಕು" ಎಂದು ಎದ್ದು ಹೋದಳು. ಸುಳ್ಳು ಯಾಕೆ ಹೇಳಲಿ, ಮಸೀದಿಗೆ ಹೋಗುವಾಗ ಎರಡು ದಿನ ಎದೆ ಸ್ವಲ್ಪ ಮುಂದೆ ಮಾಡಿಕೊಂಡೇ ನಡೆದೆ.

ಈಗ ಕೆಲಸದ ಮಾತು. ಹುಬ್ಬಳ್ಳಿಯಲ್ಲಿ ಒಂದು ದೊಡ್ಡ ಗ್ಯಾರೇಜು ಇದೆ. ಹೊರದೇಶದ ಮೋಟಾರುಗಳ ಮೈ ದುರಸ್ತಿ ಮಾಡುತ್ತಾರೆ. ಅವರಿಗೆ ತಗಡು ಬಡಿಯುವ ಮುಖ್ಯ ಮಿಸ್ತ್ರಿ ಬೇಕಾಗಿದ್ದಾನೆ. ಹೋಗಿ ಕಂಡೆ. ಒಂದು ಚಚ್ಚಿಹೋದ ಮಡ್‌ಗಾರ್ಡು ಕೊಟ್ಟು ನೋಡಿದರು, ಕೈ ಮೆಚ್ಚಿದರು. ಆದರೆ ಮಾಲಕರು ಹೇಳಿದ್ದು ಹೀಗೆ: "ನಂಗೇನೋ ನಂಬಿಕಿ ಬಂತ್ರಿ. ಗಿರಾಕಿಗೆ ಏನ್ ಹೇಳ್ಲಿ? ಕೊಪ್ಪರಗಿ ಬಡಿಯಾಂವನ ಕೈಯಾಗ ಯಾರ ಲಕ್ಷದ ಗಾಡಿ ಕೊಡ್ತಾರ? ಅಂಥಾ ಗಾಡಿ ಮಾಡೇನಿ ಅಂತೀರಲ್ಲ, ಅದರ ಮಾಲಕರ ಕಡಿಂದ ಒಂದ್ ಕಾಗದ ತರ್ರಿ, ಜಾಗಾ ನಿಮ್ದ."

ನಾನು ಬೇಡುವುದು ಅದೊಂದೇ ಕಾಗದ. ಈ ಗಾಡಿಯ ಮೂತಿ ಬಡಿದವನು ಸವಣೂರಿನ ಫಕ್ರುಸಾಬ ಎಂದು ಸಾಹೇಬರಿಂದ ಎರಡು ಸಾಲು ಬರೆಸಿ ಕಳಿಸು. ಹೆದರಲು ಈಗ ಏನಿದೆ? ಬೈಯಬೇಕಾದ ಗುದ್ಲೆಪ್ಪ ಧಣಿಯರು ಮಣ್ಣಿಗೆ ಹೋದರು. ಸಾಹೇಬರು ಕೈಕೆಲಸ ಬಲ್ಲವರು, ಸತ್ಯ ಕೇಳಿದರೆ ಇನ್ನೂ ಹಿಗ್ಗುತ್ತಾರೆ.

ಪತ್ರದ ಹಾದಿ ಕಾಯುತ್ತೇನೆ.

ಫಕ್ರುಸಾಬ


ಸವಣೂರು
೨ ಏಪ್ರಿಲ್ ೧೯೭೯

ಪರಮೇಶೀ,

ಜನವರಿಯ ಪತ್ರ ಮುಟ್ಟಿತೋ ಇಲ್ಲವೋ. ಅಂಚೆಯವನಿಗೆ ದಿನಾ ಕೇಳಿ ಕೇಳಿ, ಈಗ ಅವನು ನನ್ನನ್ನು ಕಂಡರೆ ಸೈಕಲ್ಲು ಇನ್ನೊಂದು ಓಣಿಗೆ ತಿರುಗಿಸುತ್ತಾನೆ. ಹುಬ್ಬಳ್ಳಿಯವರು ಎರಡು ಸಲ ಹೇಳಿ ಕಳಿಸಿದರು. ಮಗಳಿಗೆ ಜ್ವರಗಿರ ಏನಾದರೂ ಇದ್ದರೆ ಮೊದಲು ಅದನ್ನು ಬರೆ, ಕಾಗದ ಆಮೇಲೆ ಆಗಲಿ.

ಫಕ್ರುಸಾಬ


ಮುಂಬಯಿ
೨೦ ಮೇ ೧೯೭೯

ತೀರ್ಥರೂಪ ಸಮಾನರಾದ ಫಕ್ರುಸಾಬ ಅವರಿಗೆ ಪರಮೇಶಪ್ಪನ ನಮಸ್ಕಾರಗಳು.

ತಮ್ಮ ಎರಡೂ ಪತ್ರಗಳು ಮುಟ್ಟಿವೆ. ಸಾಹೇಬರು ವಿಲಾಯತಿಗೆ ಹೋಗಿದ್ದರು, ಬಂದ ಮೇಲೆ ಪ್ರಕೃತಿ ಸರಿ ಇಲ್ಲ. ದೊಡ್ಡವರಿಗೆ ಇಂಥ ವಿಷಯವನ್ನು ಹೊತ್ತು ನೋಡಿ ಹೇಳಬೇಕಾಗುತ್ತದೆ. ನೀವು ತಿಳಿದವರು, ಹೆಚ್ಚು ಹೇಳಬೇಕಾದದ್ದಿಲ್ಲ. ಅಷ್ಟಕ್ಕೂ ಹುಬ್ಬಳ್ಳಿಯ ಗ್ಯಾರೇಜಿನ ಕೆಲಸ ಈ ವಯಸ್ಸಿನಲ್ಲಿ ನಿಮಗೆ ತ್ರಾಸಾಗಬಹುದು ಎಂದು ನನಗೆ ಅನಿಸುತ್ತದೆ. ಬಣ್ಣದ ವಾಸನೆ, ಸದ್ದು. ವಿಚಾರ ಮಾಡಿರಿ.

ಇಲ್ಲಿ ಮಳೆ ಇನ್ನೂ ಬಂದಿಲ್ಲ. ಗುತ್ತೆವ್ವ ಪರೀಕ್ಷೆಯಲ್ಲಿ ನಾಲ್ಕನೆಯವಳಾಗಿ ಪಾಸಾದಳು. ಮಂಜವ್ವ ಮಿಕ್ಸರಿನಲ್ಲಿ ಚಟ್ನಿ ಅರೆಯುವುದನ್ನು ಕಲಿತಿದ್ದಾಳೆ. ಅತ್ತಿಗೆಯವರಿಗೆ ನಮಸ್ಕಾರ ತಿಳಿಸಿರಿ.

ತಮ್ಮ ವಿಶ್ವಾಸಿ
ಪರಮೇಶಪ್ಪ


ಸವಣೂರು
೧೪ ಆಗಸ್ಟ್ ೧೯೭೯

ಪರಮೇಶೀ,

ನನಗೆ 'ನೀವು' ಎನ್ನುವುದನ್ನು ಯಾವಾಗ ಕಲಿತೆ? ಓದುವಾಗ ಇದು ಯಾವನೋ ವಕೀಲನ ಪತ್ರ ಎಂದುಕೊಂಡು ಹಿಂದೆ ಮುಂದೆ ತಿರುವಿ ನೋಡಿದೆ. ಸಾಹೇಬರ ಎದುರಿಗೆ ಹಾಗೆ ಮಾತಾಡಿ ಮಾತಾಡಿ ರೂಢಿಯಾಗಿರಬೇಕು, ಇರಲಿ. ದಾವಲಬಿ ಬೇರೆಯೇ ಹೇಳುತ್ತಾಳೆ. "ಹೊಳಿ ದಾಟಿದ ಮ್ಯಾಲ ಅಂಬಿಗನ ಹಂಗ್ಯಾಕ್ರಿ ಅವಗ" ಎಂದಳು. ಸುಮ್ಮನಿರು, ಅವನು ಅಂಥವನಲ್ಲ ಎಂದೆ.

ನನಗೆ ಅನಿಸುವುದು ಇಷ್ಟು. ನೀನು ಹೇಳಿದರೂ ಸಾಹೇಬರು ನಂಬಲಿಕ್ಕಿಲ್ಲ ಎಂದು ನಿನಗೆ ಅಳುಕು. ನಂಬಿಸುವ ಉಪಾಯ ನನ್ನಲ್ಲಿದೆ. ಇದನ್ನು ನಿನಗೆ ಅಂದೇ ಹೇಳಬೇಕಿತ್ತು, ನಿನ್ನ ಗಡಿಬಿಡಿಯಲ್ಲಿ ಉಳಿದುಹೋಯಿತು. ನಮ್ಮಲ್ಲಿ ಹೆಸರು ಹಾಕದೆ ಯಾವ ಪಾತ್ರೆಯೂ ಅಂಗಡಿಯಿಂದ ಹೊರಗೆ ಹೋಗುವುದಿಲ್ಲ, ಗೊತ್ತಲ್ಲ? ಬಡಿದವನ ಹೆಸರಲ್ಲ, ಮಾಡಿಸಿದವರ ಹೆಸರು, ಸಣ್ಣ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ. ಹಾಕದಿದ್ದರೆ ಪಾತ್ರೆಗೆ ಬರಕತ್ತಿಲ್ಲ, ಏಳಿಗೆಯಿಲ್ಲ ಎನ್ನುತ್ತಿದ್ದರು ನಮ್ಮಪ್ಪ. ಧಣಿಯರ ಹೆಸರು ಹಾಕೋಣವೆಂದರೆ ಅವರಿಗೆ ಗೊತ್ತೇ ಇಲ್ಲ. ಮಾಡಿಸಿದವನು ನೀನು. ಅದಕ್ಕೆ ನಿನ್ನ ಹೆಸರನ್ನೇ ಹಾಕಿದೆ. ಮುಂದಿನ ಬಲಗಾಲಿಯ ಮೇಲಿನ ಕಮಾನಿನೊಳಗೆ ಕೈ ಹಾಕು. ಒಂದು ಗೇಣು ಮುಂದೆ, ಒಳಮೈಗೆ: 'ಪರಮೇಶಪ್ಪ, ದುಂಡಸಿ, ೧೯೭೩'. ಕನ್ನಡದಲ್ಲಿ. ಇಟಲಿಯವರು ಕನ್ನಡ ಬರೆಯುತ್ತಾರೇನು? ಸಾಹೇಬರ ಕೈಯನ್ನೇ ಹಿಡಿದು ಅಲ್ಲಿ ಮುಟ್ಟಿಸು, ಬಾಯಿ ತೆರೆಯುವ ಕೆಲಸವೂ ಇಲ್ಲ.

ಹುಬ್ಬಳ್ಳಿಯವರು ದೀಪಾವಳಿಯವರೆಗೆ ಮಾತ್ರ ಕಾಯುತ್ತಾರಂತೆ.

ನಿನ್ನ ಅಣ್ಣ
ಫಕ್ರುಸಾಬ


ಮುಂಬಯಿ
೨೧ ಆಗಸ್ಟ್ ೧೯೭೯

ಫಕ್ರುಸಾಬಣ್ಣನಿಗೆ,

ಪತ್ರ ಇವತ್ತೇ ಮುಟ್ಟಿತು, ಇವತ್ತೇ ಉತ್ತರ ಬರೆಯುತ್ತಿದ್ದೇನೆ. ಓದಿದ ಕೂಡಲೇ ಹೋಗಿ ನೋಡಿದೆ. ಗಾಲಿ ಬಿಚ್ಚಿ, ಬ್ಯಾಟರಿ ಬಿಟ್ಟು, ಕೈಯಿಂದಲೂ ಸವರಿ ನೋಡಿದೆ. ಅಲ್ಲಿ ಯಾವ ಹೆಸರೂ ಇಲ್ಲ. ಎಡಗಡೆಯೂ ನೋಡಿದೆ, ಇಲ್ಲ. ತಗಡು ನುಣ್ಣಗಿದೆ.

ಬೇರೆ ಯಾವುದೋ ಪಾತ್ರೆಯ ನೆನಪು ಇದಕ್ಕೆ ಕೂಡಿಕೊಂಡಿರಬೇಕು. ವಯಸ್ಸಾದ ಮೇಲೆ ಹೀಗಾಗುತ್ತದೆ, ಬೇಸರ ಮಾಡಿಕೊಳ್ಳಬೇಡ. ನಮ್ಮ ಮಂಜವ್ವನ ಅಪ್ಪನಿಗೂ ಹೀಗೆಯೇ ಶುರುವಾಗಿತ್ತು. ಮೊದಲು ಸಣ್ಣಪುಟ್ಟದ್ದು ಮರೆಯುತ್ತಿದ್ದರು. ಡಾಕ್ಟರಿಗೆ ಒಮ್ಮೆ ತೋರಿಸು.

ಈ ಹೆಸರಿನ ವಿಷಯ ಇನ್ನು ಯಾರಿಗೂ ಹೇಳಬೇಡ, ಪತ್ರದಲ್ಲಿಯೂ ಬರೆಯಬೇಡ. ನಕ್ಕಾರು. ನಿನಗೆ ಒಂದು ಅಂಗಿಯ ಬಟ್ಟೆ, ಅತ್ತಿಗೆಗೆ ಸೀರೆ ಪಾರ್ಸಲ್ ಮಾಡಿದ್ದೇನೆ.

ನಿನ್ನ ತಮ್ಮ
ಪರಮೇಶಪ್ಪ


ಸವಣೂರು
೫ ನವೆಂಬರ್ ೧೯೭೯

ಪರಮೇಶೀ,

ಪಾರ್ಸಲ್ ಬಂದಿತು. ಬಟ್ಟೆ ಚೆನ್ನಾಗಿದೆ.

ನೀನು ಬರೆದದ್ದನ್ನು ಬಹಳ ದಿನ ಯೋಚಿಸಿದೆ. ಉಳಿ ಹಿಡಿದದ್ದು, 'ದುಂಡಸಿ'ಯ ಕೊಂಬು ತಪ್ಪಿ ಮತ್ತೆ ಹೊಡೆದದ್ದು, ಎಲ್ಲ ಕಣ್ಣೆದುರಿಗೆ ಇದ್ದ ಹಾಗಿದೆ. ಆದರೆ ನೀನು ಗಾಲಿ ಬಿಚ್ಚಿ ನೋಡಿದ್ದೀ, ನಾನು ಇಲ್ಲಿ ಕೂತು ನೆನೆಸುವವನು. ದಾವಲಬಿ ಹಟ ಹಿಡಿದಳು. "ತಗಡ ಅಲ್ಲಾಡಬಾರ್ದು ಅಂತ ಹಿಡಕೊಂಡು ಕುಂತಾಕಿ ನಾನ ಅಲ್ಲೇನ್ರಿ? ನನ್ನ ಕೈಯಾಗಿನ ಬಳಿ ನಡುವ ನೀವು ಚುಕ್ಕಿ ಹೊಡದ್ರಿ. ಅಂವ ಸುಳ್ಳ ಹೇಳಾಕತ್ತಾನ" ಎಂದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಆಕೆಗೆ ಕೆಟ್ಟ ಮಾತು ಅಂದೆ. ನೀನೇ ಸುಳ್ಳಿ, ಒಬ್ಬನ ಮೇಲೆ ಇಲ್ಲದ್ದು ಹೊರಿಸುತ್ತೀ ಎಂದೆ. ಆಕೆ ಅಂದಿನಿಂದ ಆ ವಿಷಯ ಎತ್ತಿಲ್ಲ. ಬೇರೆ ವಿಷಯವನ್ನೂ ಹೆಚ್ಚು ಎತ್ತಿಲ್ಲ.

ಹುಬ್ಬಳ್ಳಿಯ ಜಾಗಕ್ಕೆ ಬೆಳಗಾವಿಯವನನ್ನು ತೆಗೆದುಕೊಂಡರು. ಕಾಗದದ ಚಿಂತೆ ಇನ್ನು ನಿನಗೆ ಬೇಡ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಮಾಡದ್ದನ್ನು ಮಾಡಿದ್ದೇನೆ ಎನ್ನುವ ತಲೆಯವನು ಇನ್ನೊಬ್ಬರ ಗಾಡಿ ಮುಟ್ಟಬಾರದು. ಈಚೆಗೆ ತಾಮ್ರದ ಮೇಲೆ ಸುತ್ತಿಗೆ ಎತ್ತಿದರೆ, ಈ ಜಾಗವನ್ನು ಬಡಿದಾಯಿತೋ ಇಲ್ಲವೋ ಎಂದು ಕೈ ನಿಲ್ಲುತ್ತದೆ.

ಫಕ್ರುಸಾಬ


ಹಾನಗಲ್ಲು
೮ ಜೂನ್ ೧೯೮೨

ಪರಮೇಶಪ್ಪನಿಗೆ,

ಎರಡೂವರೆ ವರ್ಷದಿಂದ ನಿನ್ನ ಸುದ್ದಿ ಇಲ್ಲ. ನಮ್ಮ ವಿಳಾಸ ಬದಲಾಗಿದೆ ಎಂದು ತಿಳಿಸಲು ಈ ಕಾರ್ಡು. ಸವಣೂರು ಬಿಟ್ಟು ಹಾನಗಲ್ಲಿಗೆ, ದಾವಲಬಿಯ ತವರಿನ ಓಣಿಗೆ ಬಂದೆವು. ಬಸ್‌ಸ್ಟ್ಯಾಂಡಿನ ಬಳಿ ಸ್ಟೋವಿಗೆ ಪಿನ್ನು ಹಾಕುತ್ತೇನೆ, ಕೊಡೆ ರಿಪೇರಿ ಮಾಡುತ್ತೇನೆ. ಸುತ್ತಿಗೆ, ಅಡಿಗಲ್ಲು ಎಲ್ಲ ಗುಜರಿಯವನಿಗೆ ಹಾಕಿದೆ. ತಕ್ಕಡಿಯಲ್ಲಿ ಒಂದೇ ಸಲಕ್ಕೆ ಹಿಡಿಯಲಿಲ್ಲ. ಮಗಳು ರೋಶನಬಿಯನ್ನು ನಿಮ್ಮ ಮುಂಬಯಿಯ ಕುರ್ಲಾಕ್ಕೇ ಕೊಟ್ಟಿದ್ದೇವೆ.

ಫಕ್ರುಸಾಬ


ಮುಂಬಯಿ
೨೧ ಫೆಬ್ರವರಿ ೧೯೮೩

ನನ್ನ ಪ್ರೀತಿಯ ಫಕ್ರುಸಾಬಣ್ಣನಿಗೆ ತಮ್ಮ ಪರಮೇಶಿ ಕಾಲು ಮುಟ್ಟಿ ಮಾಡುವ ನಮಸ್ಕಾರ.

ಕಾರ್ಡು ಅಂದೇ ಮುಟ್ಟಿತ್ತು, ಉತ್ತರಿಸಲಿಲ್ಲ. ತಪ್ಪಾಯಿತು. ದೊಡ್ಡ ಸುದ್ದಿ ಇದೆ. ನಿನ್ನೆ ಭಾನುವಾರ ಇಲ್ಲಿ ಹಳೆಯ ಮೋಟಾರುಗಳ ಪ್ರದರ್ಶನ ಇತ್ತು. ನಮ್ಮ ಗಾಡಿಗೆ ಮೊದಲನೆಯ ಬಹುಮಾನ. ಬೆಳ್ಳಿಯ ತಟ್ಟೆ ಕೊಟ್ಟರು. ನನಗೆ ಬಿಳಿ ಸೂಟು ಹೊಲಿಸಿದ್ದರು. ಪತ್ರಿಕೆಯವರು ಬಂದು ಮೂತಿ ನೋಡಿ, ಇದನ್ನು ಬಡಿದವರು ಯಾರು ಎಂದು ಕೇಳಿದರು. ಆಗ ನಾನು ತಡೆದುಕೊಳ್ಳಲಿಲ್ಲ ಅಣ್ಣಾ. ಎಲ್ಲರ ಮುಂದೆ ನಿನ್ನ ಹೆಸರು ಹೇಳಿದೆ. ಸವಣೂರು ಎಂಬ ಊರಿದೆ, ಅಲ್ಲಿ ಫಕ್ರುಸಾಬ ಎಂಬ ಉಸ್ತಾದ ಇದ್ದಾನೆ ಎಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ಸಾಹೇಬರೂ ಹೊಡೆದರು.

ಕಾಗದವೂ ಈಗ ಸಿಗುತ್ತದೆ. ನಾನೇ ಮುಂದೆ ನಿಂತು ಬರೆಸುತ್ತೇನೆ. ಹುಬ್ಬಳ್ಳಿ ಇಲ್ಲದಿದ್ದರೆ ಬೇರೆ ಕಡೆ ನೋಡೋಣ.

ನಿನ್ನೆ ಗದ್ದಲದಲ್ಲಿ ಒಬ್ಬ ಮುದುಕನನ್ನು ಕಂಡೆ, ಥೇಟ್ ನಿನ್ನ ಹಾಗೆಯೇ ಇದ್ದ. ನಿನ್ನ ನೆನಪಾಗಿ ರಾತ್ರಿ ಊಟ ಸೇರಲಿಲ್ಲ. ನೀನು ಹಾನಗಲ್ಲಿನಲ್ಲೇ ಇದ್ದೀಯಲ್ಲ? ಈ ತಿಂಗಳು ಊರು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲವಲ್ಲ? ಒಂದು ಸಾಲು ಬರೆ, ಜೀವಕ್ಕೆ ಸಮಾಧಾನವಾಗುತ್ತದೆ. ಪೋಸ್ಟಿಗೆ ತ್ರಾಸಾಗದಿರಲೆಂದು ವಿಳಾಸ ಬರೆದ ಲಕೋಟೆ ಇಟ್ಟಿದ್ದೇನೆ.

ನಿನ್ನ ಪರಮೇಶಿ


ಹಾನಗಲ್ಲು
೧೦ ಮಾರ್ಚ್ ೧೯೮೩

ಪರಮೇಶಪ್ಪನವರಿಗೆ,

ನಿಮ್ಮ ಪತ್ರ ನಮಗಿಂತ ಮೊದಲು ಹಾನಗಲ್ಲಿಗೆ ಬಂದು ಕೂತಿತ್ತು. ನಾವು ಮುಂಬಯಿಯಿಂದ ಬಂದದ್ದು ಮೊನ್ನೆ.

ರೋಶನಬಿಯ ಹೆರಿಗೆಗೆಂದು ಜನವರಿಯಲ್ಲಿ ಕುರ್ಲಾಕ್ಕೆ ಹೋಗಿದ್ದೆವು. ಗಂಡುಮಗು. ಆ ಭಾನುವಾರ ನಿಮ್ಮನ್ನು ಕಂಡು ಬರೋಣವೆಂದು ಎಲೆಯ ಕಟ್ಟು ಹಿಡಿದು ಬಂಗಲೆಗೆ ಬಂದೆ. ಎಲ್ಲರೂ ಮೈದಾನಕ್ಕೆ ಹೋಗಿದ್ದಾರೆ ಎಂದ ಗೇಟಿನವನು. ಕೇಳುತ್ತ ಕೇಳುತ್ತ ಮೈದಾನಕ್ಕೂ ಬಂದೆ. ದೂರದಿಂದಲೇ ಮೂತಿ ಗುರುತು ಹತ್ತಿತು. ಹತ್ತು ವರ್ಷದ ಮೇಲೆ ನೋಡಿದ್ದು. ಕಣ್ಣಲ್ಲಿ ನೀರು ಬಂತು, ನಾಚಿಕೆಯೇನಿಲ್ಲ.

ಪತ್ರಿಕೆಯವನು ಕೇಳಿದಾಗ ನಾನು ಹಗ್ಗದ ಈಚೆ ನಿಮ್ಮಿಂದ ಎಂಟು ಮಾರು ದೂರ ಇದ್ದೆ. ನೀವು ಹಿಂದಿಯಲ್ಲಿ ಹೇಳಿದಿರಿ. ಇದು ಇಟಲಿಯ ಕೈ, ಇಂಥ ಕೈ ಹಿಂದೂಸ್ತಾನದಲ್ಲಿ ಹುಟ್ಟಿಲ್ಲ ಎಂದಿರಿ. ಈ ದೇಶದವರು ಯಾರಾದರೂ ದುರಸ್ತಿಗೆ ಮುಟ್ಟಿದ್ದಾರೆಯೇ ಎಂದು ಅವನು ಮತ್ತೆ ಕೇಳಿದ. ನಾನು ಇರುವವರೆಗೆ ಯಾವನಿಗೂ ಮುಟ್ಟಗೊಡುವುದಿಲ್ಲ ಎಂದಿರಿ. ಚಪ್ಪಾಳೆ ಬಿದ್ದದ್ದು ಆಗ. ಅಷ್ಟು ನಿಮ್ಮ ಪತ್ರದಲ್ಲಿ ನಿಜ.

ಜನ ಫೋಟೋದ ಕಡೆ ಹೋದಾಗ ಹಗ್ಗ ದಾಟಿ ಬಂದು ಬಲಗಾಲಿಯ ಕಮಾನಿನೊಳಗೆ ಕೈ ಹಾಕಿದೆ. ಅಕ್ಷರ ಇರಲಿಲ್ಲ. ಲೋಹ ಉಜ್ಜುವ ಕಾನಸಿನಿಂದ ತಿಕ್ಕಿದ ಗೀರುಗಳು ಇದ್ದವು. ಒಂದು ಅಂಗೈ ಅಗಲ, ಹೆಸರು ಎಷ್ಟು ಉದ್ದವಿತ್ತೋ ಅಷ್ಟೇ. ನುಣುಪು ಮಾಡುವಷ್ಟು ಪುರಸೊತ್ತು ಇರಲಿಲ್ಲವೆಂದು ಕಾಣುತ್ತದೆ, ತಗಡು ತೆಳ್ಳಗಾಗಿ ಒಂದು ಕಡೆ ಬಿರುಕು ಬಿಡುತ್ತಿದೆ. ಅಷ್ಟರಲ್ಲಿ ನೀವು ಓಡಿ ಬಂದಿರಿ. "ಏ ಬುಡ್ಢೇ, ಹಾಥ್ ಹಟಾ!" ಎಂದು ನನ್ನ ಮಣಿಕಟ್ಟು ಹಿಡಿದು ಎಳೆದಿರಿ. ನನ್ನ ಮುಖ ನೋಡಿದಿರಿ. ನೋಡಿ ಕೈ ಬಿಟ್ಟು, ಪೊಲೀಸಿನವನನ್ನು ಕರೆದಿರಿ. ಗುರುತು ಹತ್ತಿತೋ ಇಲ್ಲವೋ ಎಂದು ನಾನು ಕೇಳುವುದಿಲ್ಲ. ಲಕೋಟೆಗೆ ಅಂಚೆ ಚೀಟಿ ಹಚ್ಚಿ ಕಳಿಸಿದವರಿಗೆ ಅದು ಗೊತ್ತಿರಬೇಕು.

ನಿಮ್ಮ ಕಾಗದ ನನಗೆ ಬೇಡ. 'ಅಣ್ಣಾ, ಸಹಿ ಮಾಡಿಬಿಟ್ಟಿದ್ದೇನೆ, ಸತ್ಯ ಹೊರಗೆ ಬಂದರೆ ಹೆಂಡತಿ ಮಗಳೊಂದಿಗೆ ಬೀದಿಗೆ ಬೀಳುತ್ತೇನೆ, ಸುಮ್ಮನಿರು' ಎಂದು ಒಂದು ಸಾಲು ಬರೆದಿದ್ದರೆ ಸಾಯುವವರೆಗೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ. ಎಪ್ಪತ್ಮೂರರಲ್ಲಿ ಇದ್ದೆನಲ್ಲ. ಹೆಸರು ತಿಕ್ಕಿದ್ದಕ್ಕೂ ನನಗೆ ಸಿಟ್ಟಿಲ್ಲ, ಅದು ನಿಮ್ಮದೇ ಹೆಸರು. ಆದರೆ ತಿಕ್ಕಿ, ಕೈ ತೊಳೆದುಕೊಂಡು, ನಿನಗೆ ಮರೆವು ಬಂದಿದೆ ಎಂದು ನನಗೆ ಬರೆದಿರಿ. ನಾನು ನಂಬಿದೆ. ನನ್ನ ಕೈಯನ್ನು ನಂಬಲಿಲ್ಲ, ಕಣ್ಣನ್ನು ನಂಬಲಿಲ್ಲ, ಮೂವತ್ತು ವರ್ಷ ಬಾಳಿದ ಹೆಂಡತಿಯನ್ನು ನಂಬಲಿಲ್ಲ. ನಿಮ್ಮನ್ನು ನಂಬಿದೆ. ನಂಬಿ, ಸುತ್ತಿಗೆಗಳನ್ನು ತೂಕಕ್ಕೆ ಹಾಕಿದೆ. ನನಗೆ ಏನೂ ಆಗಿರಲಿಲ್ಲ.

ಬರುವಾಗ ರೈಲಿನಲ್ಲಿ ದಾವಲಬಿಗೆ ಎಲ್ಲ ಹೇಳಿದೆ. ಮಿರಜ ಬಂದಾಗ ಆಕೆ, "ಮೂರ್ ವರ್ಷ ನನ್ನ ಸುಳ್ಳಿ ಅಂತ ತಿಳಕೊಂಡು ನನ್ನ ಕೈಯಾಗ ಉಂಡ್ರಿ. ನಾನು ಉಣ್ಣಿಸಿದೆ. ಈಗ ಆ ಮೂರ್ ವರ್ಷ ಏನ್ ಮಾಡ್ಲಿ, ಹೇಳ್ರಿ" ಎಂದಳು.

ಅದಕ್ಕೆ ಉತ್ತರ ನಿಮಗೆ ತಿಳಿದಿದ್ದರೆ ಆಕೆಯ ಹೆಸರಿಗೆ ಬರೆಯಿರಿ. ನನ್ನ ಹೆಸರಿಗೆ ಇನ್ನು ಬರೆಯಬೇಡಿರಿ.

ಫಕ್ರುಸಾಬ